ಮೊದಲ ಅಳತೆಯ ಮೋಹ ಮತ್ತು ಹಿಂದುಳಿದ ತಾಲ್ಲೂಕುಗಳ ಲೆಕ್ಕ

ಹಿಂದುಳಿದ ಪ್ರದೇಶಗಳ ಅಭಿವೃದ್ಧಿಯ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಸಾರ್ವಜನಿಕ ಚರ್ಚೆ ಹಣದ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಷ್ಟು ಕೋಟಿ ಮಂಜೂರಾಯಿತು, ಎಷ್ಟು ಬಿಡುಗಡೆಯಾಯಿತು, ಎಷ್ಟು ಖರ್ಚಾಗದೆ ಉಳಿಯಿತು ಎಂಬ ಲೆಕ್ಕಗಳು ವಿಧಾನಮಂಡಲದಲ್ಲಿಯೂ ಪತ್ರಿಕೆಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಆ ಹಣದಿಂದ ನಿಜವಾಗಿ ಏನು ಬದಲಾಯಿತು, ಬದಲಾವಣೆಯನ್ನು ಅಳೆದ ಬಗೆ ಸರಿಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಸಾಮಾನ್ಯವಾಗಿ ನಾವು ಮಾಡುವುದಿಷ್ಟೇ: ಯೋಜನೆಗೆ ಮುಂಚಿನ ಒಂದು ಅಂಕಿಯನ್ನು ಹಿಡಿದುಕೊಳ್ಳುತ್ತೇವೆ, ಯೋಜನೆಯ ನಂತರದ ಅಂಕಿಯಿಂದ ಅದನ್ನು ಕಳೆಯುತ್ತೇವೆ, ಉಳಿದದ್ದಕ್ಕೆ 'ಪ್ರಗತಿ' ಎಂದು ಹೆಸರಿಡುತ್ತೇವೆ. ಮೇಲ್ನೋಟಕ್ಕೆ ಇದಕ್ಕಿಂತ ಸರಳವಾದ ಲೆಕ್ಕ ಬೇರೊಂದಿಲ್ಲ. ಆದರೆ ಸಂಖ್ಯಾಶಾಸ್ತ್ರದಲ್ಲಿ ಇಷ್ಟೊಂದು ಜನರನ್ನು, ಅದರಲ್ಲೂ ವಿದ್ವಾಂಸರನ್ನು, ದಾರಿ ತಪ್ಪಿಸಿದ ಲೆಕ್ಕವೂ ಬೇರೊಂದಿಲ್ಲ.

ಈ ಮಾತು ಕಲ್ಯಾಣ ಕರ್ನಾಟಕದ ಪಾಲಿಗೆ ಕೇವಲ ಪಾಂಡಿತ್ಯದ ವಿಷಯವಲ್ಲ. 2000ದಲ್ಲಿ ರಚನೆಯಾಗಿ 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳ ಆಧಾರದ ಮೇಲೆ ತೂಗಿ ನೋಡಿತು. ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು: ಹಿಂದುಳಿದವು 35, ಹೆಚ್ಚು ಹಿಂದುಳಿದವು 40, ಅತ್ಯಂತ ಹಿಂದುಳಿದವು 39. ಬೀದರ್ ಜಿಲ್ಲೆಯ ಔರಾದ್ ಈ ಕೊನೆಯ ಗುಂಪಿಗೆ ಸೇರಿತ್ತು. ಆ ವರ್ಗೀಕರಣವೇ ಮುಂದೆ ವಿಶೇಷ ಅಭಿವೃದ್ಧಿ ಯೋಜನೆಯ ಅನುದಾನ ಹಂಚಿಕೆಗೆ ಆಧಾರವಾಯಿತು. 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 98ನೇ ತಿದ್ದುಪಡಿಯಿಂದ 371 (ಜೆ) ವಿಧಿ ಬಂದು, ಈ ಭಾಗಕ್ಕೆ ಪ್ರತ್ಯೇಕ ಮಂಡಳಿ ಮತ್ತು ಮೀಸಲಾತಿ ದೊರೆತವು. 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಮತ್ತೊಂದು ಸಮಿತಿ ರಚಿತವಾಯಿತು. ಅಂದರೆ 2002ರ ಅಂಕಿಗಳನ್ನು ಇಂದಿನ ಅಂಕಿಗಳ ಪಕ್ಕದಲ್ಲಿಟ್ಟು 'ಯಾರು ಮೇಲೆ ಬಂದರು, ಯಾರು ಬರಲಿಲ್ಲ' ಎಂದು ತೀರ್ಪು ಕೊಡುವ ಕಾಲವಿದು. ತೀರ್ಪು ತಪ್ಪಿದರೆ ಯಾವುದೋ ತಾಲ್ಲೂಕು ತನಗೆ ನ್ಯಾಯವಾಗಿ ಸಲ್ಲಬೇಕಾದ ಅನುದಾನವನ್ನು ಕಳೆದುಕೊಳ್ಳುತ್ತದೆ. ಯಾವುದೋ ನಿಷ್ಪ್ರಯೋಜಕ ಯೋಜನೆ ಯಶಸ್ಸಿನ ಕಿರೀಟ ಧರಿಸಿ ಇನ್ನಷ್ಟು ವರ್ಷ ಮುಂದುವರಿಯುತ್ತದೆ.

ಕೆಳಗಿದ್ದವರು ಏಕೆ ಮೇಲೆ ಬರುತ್ತಾರೆ?

ಮೊದಲ ಬಲೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ನೂರು ಪ್ರೌಢಶಾಲೆಗಳಿವೆ ಎಂದುಕೊಳ್ಳಿ. ಪ್ರತಿಯೊಂದರಲ್ಲೂ ಹತ್ತನೆಯ ತರಗತಿಯಲ್ಲಿ 20 ಮಕ್ಕಳಿದ್ದಾರೆ. ಎಲ್ಲ ಶಾಲೆಗಳ ಬೋಧನೆಯ ಗುಣಮಟ್ಟವೂ ಒಂದೇ, ದೀರ್ಘಾವಧಿಯಲ್ಲಿ ಪ್ರತಿ ಶಾಲೆಯ ಫಲಿತಾಂಶವೂ ಶೇ 70ರಷ್ಟೇ. ಆದರೂ ಯಾವುದೇ ಒಂದು ವರ್ಷ ಎಲ್ಲ ಶಾಲೆಗಳೂ ಸರಿಯಾಗಿ ಶೇ 70 ಗಳಿಸುವುದಿಲ್ಲ. ಒಂದು ಶಾಲೆಯಲ್ಲಿ ಪರೀಕ್ಷೆಯ ವಾರ ಇಬ್ಬರಿಗೆ ಜ್ವರ ಬರುತ್ತದೆ, ಇನ್ನೊಂದರಲ್ಲಿ ಆ ವರ್ಷದ ತಂಡವೇ ಚುರುಕಾಗಿರುತ್ತದೆ. ಇಂತಹ ಆಕಸ್ಮಿಕಗಳಿಂದಲೇ ಕೆಳಗಿನ ಹತ್ತು ಶಾಲೆಗಳ ಸರಾಸರಿ ಶೇ 52ರ ಆಸುಪಾಸಿಗೆ ಇಳಿದಿರುತ್ತದೆ ಎಂದು ಸಂಭಾವ್ಯತೆಯ ಗಣಿತ ಹೇಳುತ್ತದೆ. ಈಗ ಇಲಾಖೆ ಆ ಹತ್ತು ಶಾಲೆಗಳನ್ನು ಆರಿಸಿ ವಿಶೇಷ ತರಗತಿ, ಮಾರ್ಗದರ್ಶಿ ಪುಸ್ತಕ, ಮೇಲ್ವಿಚಾರಕರ ಭೇಟಿ ಎಂದು ಕಾರ್ಯಕ್ರಮ ಹಾಕಿಕೊಂಡಿತೆನ್ನೋಣ. ಆ ಕಾರ್ಯಕ್ರಮದಿಂದ ಎಳ್ಳಷ್ಟೂ ಉಪಯೋಗವಾಗದಿದ್ದರೂ ಮರುವರ್ಷ ಆ ಶಾಲೆಗಳ ಸರಾಸರಿ ಮತ್ತೆ ಶೇ 70ರ ಬಳಿಗೆ ಬರುತ್ತದೆ. ಇಲಾಖೆಯ ವರದಿಯಲ್ಲಿ 'ಹದಿನೆಂಟು ಅಂಶಗಳ ಜಿಗಿತ' ಎಂದು ದಾಖಲಾಗುತ್ತದೆ. ಕಾಗೆ ಕೂತಿತು, ಕೊಂಬೆ ಮುರಿಯಿತು.

ಇದಕ್ಕೆ ಸಂಖ್ಯಾಶಾಸ್ತ್ರಜ್ಞರು ಇಟ್ಟಿರುವ ಹೆಸರು 'ಸರಾಸರಿಯ ಕಡೆಗೆ ಮರಳುವಿಕೆ'. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಮತ್ತು ಅವರ 928 ಮಂದಿ ವಯಸ್ಕ ಮಕ್ಕಳ ಎತ್ತರವನ್ನು ಪರಿಶೀಲಿಸಿ, ಬಹಳ ಎತ್ತರದ ತಂದೆ-ತಾಯಿಯ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರವಿರುವುದಿಲ್ಲ, ಬಹಳ ಕುಳ್ಳಗಿನವರ ಮಕ್ಕಳು ಅವರಷ್ಟು ಕುಳ್ಳಗಿರುವುದಿಲ್ಲ ಎಂದು ತೋರಿಸಿದರು. ಯಾವುದೇ ಅಳತೆಯಲ್ಲಿ ಸ್ಥಿರವಾದ ಅಂಶದ ಜೊತೆಗೆ ಆಕಸ್ಮಿಕದ ಅಂಶವೂ ಬೆರೆತಿರುತ್ತದೆ. ತೀರಾ ಕೆಳಗಿರುವವರನ್ನು ಹೆಕ್ಕಿ ತೆಗೆದಾಗ ನಾವು ಅರಿಯದೆಯೇ ದುರದೃಷ್ಟದ ಪಾಲು ಹೆಚ್ಚಿದ್ದವರನ್ನು ಹೆಕ್ಕಿರುತ್ತೇವೆ. ಮರುಸಲ ಆ ದುರದೃಷ್ಟ ಅದೇ ಪ್ರಮಾಣದಲ್ಲಿ ಮರುಕಳಿಸುವುದಿಲ್ಲ.

ಇಲ್ಲಿ ಶಾಲೆಯ ಗಾತ್ರ ಮುಖ್ಯವಾಗುತ್ತದೆ. 20 ಮಕ್ಕಳ ಶಾಲೆಯಲ್ಲಿ ಆಕಸ್ಮಿಕದಿಂದಲೇ ಆಗುವ ಏರಿಳಿತ ಸಾಮಾನ್ಯವಾಗಿ ಹತ್ತು ಶೇಕಡಾ ಅಂಶಗಳಷ್ಟಿದ್ದರೆ, 200 ಮಕ್ಕಳ ಶಾಲೆಯಲ್ಲಿ ಅದು ಮೂರು ಅಂಶಗಳ ಆಸುಪಾಸಿನಲ್ಲಿರುತ್ತದೆ. ಬೀದರ್ ನಗರದಲ್ಲಿ ದೊಡ್ಡ ಶಾಲೆಗಳಿವೆ. ಔರಾದಿನ ಗಡಿಹಳ್ಳಿಗಳಲ್ಲಿ, ತಾಂಡಾಗಳ ಆಸುಪಾಸಿನಲ್ಲಿ, ಕನ್ನಡ, ಮರಾಠಿ, ಉರ್ದು ಮಾಧ್ಯಮಗಳಾಗಿ ಮಕ್ಕಳು ಹಂಚಿಹೋಗುವ ಕಡೆಗಳಲ್ಲಿ ಒಂದೊಂದು ತರಗತಿಯ ಸಂಖ್ಯೆ ಸಹಜವಾಗಿಯೇ ಚಿಕ್ಕದು. ಆದ್ದರಿಂದ 'ಅತ್ಯಂತ ಕಳಪೆ ಶಾಲೆಗಳು' ಎಂಬ ಪಟ್ಟಿಯಲ್ಲಿ ಚಿಕ್ಕ ಶಾಲೆಗಳು ತುಂಬಿಕೊಳ್ಳುವುದು ಖಚಿತ. 'ಅತ್ಯುತ್ತಮ ಶಾಲೆಗಳು' ಎಂಬ ಪಟ್ಟಿಯಲ್ಲಿಯೂ ಅವೇ ಹೆಚ್ಚಾಗಿ ಇರುತ್ತವೆ ಎಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಶಿಕ್ಷೆ ಫಲಿಸುತ್ತದೆ ಎಂಬ ಭ್ರಮೆ

ಈ ತಪ್ಪಿಗೆ ಬೆಲೆ ತೆರುವವರು ಯಾರು? ಫಲಿತಾಂಶ ಪ್ರಕಟವಾದ ವಾರವೇ ಕೆಳಗಿನ ಸಾಲಿನ ಮುಖ್ಯೋಪಾಧ್ಯಾಯರಿಗೆ ಕಾರಣ ಕೇಳುವ ನೋಟಿಸು ಹೋಗುತ್ತದೆ, ವೇತನ ಬಡ್ತಿ ತಡೆಯುವ ಮಾತು ಕೇಳಿಬರುತ್ತದೆ. ಮರುವರ್ಷ ಫಲಿತಾಂಶ ಏರುತ್ತದೆ. 'ಬಿಸಿ ಮುಟ್ಟಿಸಿದ್ದರಿಂದ ಸರಿಹೋಯಿತು' ಎಂದು ಮೇಲಧಿಕಾರಿಗೆ ಮನದಟ್ಟಾಗುತ್ತದೆ. ಇತ್ತ ಮೊದಲ ಸಾಲಿನ ಶಾಲೆಗೆ ಸನ್ಮಾನ ನಡೆಯುತ್ತದೆ. ಮರುವರ್ಷ ಅದರ ಫಲಿತಾಂಶ ಇಳಿಯುತ್ತದೆ. 'ಹೊಗಳಿಕೆ ತಲೆಗೇರಿತು' ಎಂದು ಟೀಕೆ ಬರುತ್ತದೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಇಸ್ರೇಲಿನ ವಾಯುಪಡೆಯ ತರಬೇತುದಾರರಲ್ಲಿ ಇದೇ ನಂಬಿಕೆಯನ್ನು ಕಂಡಿದ್ದರು. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡುತ್ತದೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಸುಧಾರಿಸುತ್ತದೆ ಎಂಬುದು ಆ ತರಬೇತುದಾರರ ಅನುಭವವಾಗಿತ್ತು. ಹೊಗಳಿಕೆಯೂ ಬೈಗುಳವೂ ಇಲ್ಲದಿದ್ದರೂ ಹಾಗೆಯೇ ಆಗುತ್ತಿತ್ತು ಎಂದು ಕಾನೆಮನ್ ವಿವರಿಸಿದರು. ಆಡಳಿತದಲ್ಲಿ ಬಹುಕಾಲ ಕಳೆದವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಶಿಕ್ಷೆಯನ್ನು ನಂಬುವ, ಪ್ರೋತ್ಸಾಹವನ್ನು ಶಂಕಿಸುವ ನಮ್ಮ ಕಚೇರಿಗಳ ಸಂಸ್ಕೃತಿಗೆ ಅರ್ಧ ಪೋಷಣೆ ಸಿಕ್ಕಿರುವುದು ಈ ಅಂಕಿಗಳ ಮಾಯೆಯಿಂದಲೇ.

ಸಮೀಪಿಸುತ್ತಿದ್ದೇವೆಯೇ?

ಎರಡನೆಯ ಬಲೆ ಅರ್ಥಶಾಸ್ತ್ರಜ್ಞರಿಗೆ ಅಚ್ಚುಮೆಚ್ಚಿನದು. 'ಆರಂಭದಲ್ಲಿ ಕೆಳಗಿದ್ದ ಜಿಲ್ಲೆಗಳು ವೇಗವಾಗಿ ಬೆಳೆದಿವೆ, ಮೇಲಿದ್ದವು ನಿಧಾನವಾಗಿ ಬೆಳೆದಿವೆ, ಆದ್ದರಿಂದ ಅಸಮತೋಲನ ಕುಗ್ಗುತ್ತಿದೆ' ಎಂಬ ವಾದ ಇದು. ಇದನ್ನು ಸಾಧಿಸಲು ಆರಂಭಿಕ ಅಂಕಿ ಮತ್ತು ಬದಲಾವಣೆಯ ನಡುವಿನ ಸಹಸಂಬಂಧವನ್ನು ಲೆಕ್ಕ ಹಾಕಿ, ಅದು ಋಣಾತ್ಮಕವಾಗಿದೆ ಎಂದು ತೋರಿಸುತ್ತಾರೆ. ಆದರೆ ಬದಲಾವಣೆ ಎಂದರೇನು? ಕೊನೆಯ ಅಂಕಿಯಿಂದ ಆರಂಭಿಕ ಅಂಕಿಯನ್ನು ಕಳೆದಾಗ ಉಳಿಯುವುದು. ಆರಂಭಿಕ ಅಂಕಿ ಎರಡೂ ಕಡೆ ಇದೆ, ಒಂದು ಕಡೆ ಧನ ಚಿಹ್ನೆಯೊಂದಿಗೆ, ಇನ್ನೊಂದು ಕಡೆ ಋಣ ಚಿಹ್ನೆಯೊಂದಿಗೆ. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ, ಸಮಾನ ಹರವಿನ ಎರಡು ಸಾಲು ಅಂಕಿಗಳನ್ನು, ಬೇಕಾದರೆ ದಾಳ ಉರುಳಿಸಿಯೇ ಪಡೆದು, ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಆ ವ್ಯತ್ಯಾಸಕ್ಕೂ ಮೊದಲ ಸಾಲಿಗೂ ನಡುವೆ ಋಣ 0.71ರ ಆಸುಪಾಸಿನ ಸಹಸಂಬಂಧ ತಾನಾಗಿಯೇ ಹುಟ್ಟುತ್ತದೆ. ದಾಳಗಳು ಪರಸ್ಪರ ಸಮೀಪಿಸಿದವೆಂದು ಯಾರೂ ಹೇಳಲಾರರು.

1933ರಲ್ಲಿ ಅಮೆರಿಕದ ಹೊರೇಸ್ ಸೀಕ್ರಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ನೂರಾರು ವ್ಯಾಪಾರ ಸಂಸ್ಥೆಗಳ ಲೆಕ್ಕಪತ್ರಗಳನ್ನು ಜಾಲಾಡಿ, ವ್ಯಾಪಾರದಲ್ಲಿ ಎಲ್ಲರೂ ಸಾಧಾರಣ ಮಟ್ಟಕ್ಕೆ ಬರುತ್ತಿದ್ದಾರೆ ಎಂದು ದಪ್ಪ ಗ್ರಂಥವನ್ನೇ ಬರೆದರು. ಗಣಿತಜ್ಞ ಹೆರಾಲ್ಡ್ ಹೊಟೆಲಿಂಗ್ ಅದೇ ವರ್ಷ ಅದನ್ನು ವಿಮರ್ಶಿಸಿ, ಇದು ಸಂಸ್ಥೆಗಳ ಗುಣವಲ್ಲ, ಲೆಕ್ಕದ ಗುಣ ಎಂದು ತೋರಿಸಿಕೊಟ್ಟರು. ನಿಜವಾಗಿ ಸಮೀಪಿಸುತ್ತಿದ್ದರೆ ಎಲ್ಲ ಸಂಸ್ಥೆಗಳ ನಡುವಣ ಹರವು ವರ್ಷದಿಂದ ವರ್ಷಕ್ಕೆ ಕುಗ್ಗಬೇಕು, ಅದನ್ನು ನೋಡಿ ಎಂಬುದು ಅವರ ವಾದದ ತಿರುಳು. ಸುಮಾರು ಅರವತ್ತು ವರ್ಷಗಳ ಬಳಿಕ, 1992ರಲ್ಲಿ ಮಿಲ್ಟನ್ ಫ್ರೀಡ್‌ಮನ್, 1993ರಲ್ಲಿ ಡ್ಯಾನಿ ಕ್ವಾ ಇದೇ ಎಚ್ಚರಿಕೆಯನ್ನು ರಾಷ್ಟ್ರಗಳ ಬೆಳವಣಿಗೆಯ ಅಧ್ಯಯನಕಾರರಿಗೆ ಮತ್ತೆ ಹೇಳಬೇಕಾಯಿತು. ವೈದ್ಯಕೀಯ ಸಂಶೋಧನೆಗಾಗಿ ಪಿ.ಡಿ. ಓಲ್ಡಮ್ 1962ರಲ್ಲಿಯೇ ಒಂದು ಸುಲಭ ಪರಿಹಾರ ಸೂಚಿಸಿದ್ದರು: ಬದಲಾವಣೆಯನ್ನು ಆರಂಭಿಕ ಅಂಕಿಯೊಂದಿಗಲ್ಲ, ಎರಡೂ ಅಂಕಿಗಳ ಸರಾಸರಿಯೊಂದಿಗೆ ಹೋಲಿಸಿ.

ನಮ್ಮ ರಾಜ್ಯದ ಮಾನವ ಅಭಿವೃದ್ಧಿ ವರದಿಗೆ ಇದನ್ನು ಅನ್ವಯಿಸಿ ನೋಡಬಹುದು. 2005ರ ವರದಿಯ ಪ್ರಕಾರ 1991ರಲ್ಲಿ ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡದ ಸೂಚ್ಯಂಕ 0.661, ಕೊನೆಯಲ್ಲಿದ್ದ ರಾಯಚೂರಿನದು 0.443. 2001ರಲ್ಲಿ ಮೊದಲ ಸ್ಥಾನಕ್ಕೆ ಬಂದ ಬೆಂಗಳೂರು ನಗರದ ಸೂಚ್ಯಂಕ 0.753, ಕೊನೆಯಲ್ಲಿಯೇ ಉಳಿದ ರಾಯಚೂರಿನದು 0.547. ದಕ್ಷಿಣ ಕನ್ನಡವು ದಶಕದಲ್ಲಿ 0.061ರಷ್ಟು, ರಾಯಚೂರು 0.104ರಷ್ಟು ಏರಿದವು ಎಂದು ಹೇಳಿ ಅಂತರ ಕರಗುತ್ತಿದೆ ಎನ್ನಬಹುದು. ಆದರೆ ಅಗ್ರ ಮತ್ತು ಅಂತ್ಯ ಸ್ಥಾನಗಳ ನಡುವಣ ಅಂತರ 0.218ರಿಂದ 0.206ಕ್ಕೆ ಮಾತ್ರ ಇಳಿದಿತ್ತು. ಎರಡು ತುದಿಗಳ ಅಂತರ ಒರಟು ಅಳತೆಯೇ ಸರಿ. ಆದರೂ 1991ರ ಮೊದಲಿಗರನ್ನೇ ಹಿಡಿದುಕೊಂಡು ಲೆಕ್ಕ ಹಾಕುವುದಕ್ಕಿಂತ ಅದು ಹೆಚ್ಚು ಪ್ರಾಮಾಣಿಕ.

ಯಾವ ತಕ್ಕಡಿ?

ಮೂರನೆಯ ಬಲೆ ತಕ್ಕಡಿಯ ಆಯ್ಕೆಯದು. ಅದೇ ವರದಿಯಲ್ಲಿ ಬೆಂಗಳೂರು ನಗರದ ಸೂಚ್ಯಂಕ 0.623ರಿಂದ 0.753ಕ್ಕೆ ಏರಿತು, ಏರಿಕೆ 0.130. ರಾಯಚೂರಿನ ಏರಿಕೆ 0.104. ವ್ಯತ್ಯಾಸವನ್ನು ಅಳೆದರೆ ಬೆಂಗಳೂರು ಮುಂದು. ಶೇಕಡಾವಾರು ಏರಿಕೆಯನ್ನು ಅಳೆದರೆ ಬೆಂಗಳೂರಿನದು ಶೇ 20.9, ರಾಯಚೂರಿನದು ಶೇ 23.5, ಆಗ ರಾಯಚೂರು ಮುಂದು. ಅಂಕಿಗಳು ಅವೇ, ತೀರ್ಪು ತಿರುವುಮುರುವು.

ಬೀದರಿನ ಸಾಕ್ಷರತೆಯದು ಇನ್ನೂ ಸ್ವಾರಸ್ಯಕರ. ಜನಗಣತಿಯ ಪ್ರಕಾರ 2001ರಲ್ಲಿ ಶೇ 60.94 ಇದ್ದ ಬೀದರ್ ಜಿಲ್ಲೆಯ ಸಾಕ್ಷರತೆ 2011ರಲ್ಲಿ ಶೇ 70.51ಕ್ಕೆ ಏರಿತು. ದಕ್ಷಿಣ ಕನ್ನಡದ ಸಾಕ್ಷರತೆ ಶೇ 83.35ರಿಂದ 88.57ಕ್ಕೆ ಏರಿತು. ಬೀದರಿನ ಗಳಿಕೆ 9.57 ಅಂಶ, ದಕ್ಷಿಣ ಕನ್ನಡದ್ದು 5.22 ಅಂಶ. ಬೀದರ್ ಮುಂದಿದೆ ಎಂದು ಹಿಗ್ಗಬಹುದು. ಆದರೆ ಅನಕ್ಷರತೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಬೀದರಿನ ಅನಕ್ಷರತೆ ಶೇ 39.06ರಿಂದ 29.49ಕ್ಕೆ, ಅಂದರೆ ಸುಮಾರು ಕಾಲು ಭಾಗ ಕುಗ್ಗಿತು. ದಕ್ಷಿಣ ಕನ್ನಡದ್ದು ಶೇ 16.65ರಿಂದ 11.43ಕ್ಕೆ, ಅಂದರೆ ಸುಮಾರು ಮೂರನೆಯ ಒಂದು ಭಾಗ ಕುಗ್ಗಿತು. ನೂರರ ಗಡಿಗೆ ಸಮೀಪವಿರುವವನಿಗೆ ಏರಲು ಜಾಗವೇ ಕಡಿಮೆ. ಅವನ ಗಳಿಕೆ ಕಡಿಮೆಯೆಂದು ಅವನು ಸೋತನೆಂದೂ, ಇವನ ಗಳಿಕೆ ಹೆಚ್ಚೆಂದು ಇವನು ಗೆದ್ದನೆಂದೂ ತೀರ್ಮಾನಿಸುವುದು ಅವಸರ.

ಕೇಂದ್ರದ ನೀತಿ ಆಯೋಗವು 2018ರಲ್ಲಿ ಆರಂಭಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಆಯ್ಕೆಯಾದವು. ಅಲ್ಲಿ ಜಿಲ್ಲೆಗಳನ್ನು ಅವುಗಳ ಮಟ್ಟದಿಂದಲ್ಲ, ತಿಂಗಳಿಂದ ತಿಂಗಳಿಗೆ ಆದ ಬದಲಾವಣೆಯಿಂದ ಶ್ರೇಯಾಂಕಿಸುವ ಪದ್ಧತಿ ಬಂತು. ಹಿಂದುಳಿದವನಿಗೆ ಅವಕಾಶ ಕೊಡಬೇಕೆಂಬ ಸದುದ್ದೇಶ ಅದರ ಹಿಂದಿದೆ. ಆದರೆ ಬದಲಾವಣೆಗೇ ಬಹುಮಾನವಿಟ್ಟರೆ ಆರಂಭಿಕ ಅಂಕಿ ಎಷ್ಟು ಕೆಳಗಿದ್ದರೆ ಅಷ್ಟು ಲಾಭ ಎಂಬ ಪ್ರಲೋಭನೆಯೂ ಹುಟ್ಟುತ್ತದೆ. ಒಂದು ತಿಂಗಳು ಕುಸಿದವನು ಮುಂದಿನ ತಿಂಗಳು ಏನೂ ಮಾಡದೆಯೇ ಮೇಲೇರುವುದೂ ಸಾಧ್ಯವಾಗುತ್ತದೆ.

ಅಳತೆಗೋಲೇ ಬದಲಾದರೆ?

ನಾಲ್ಕನೆಯದು ಎಲ್ಲಕ್ಕಿಂತ ಸರಳವಾದದ್ದು, ಆದರೂ ಹೆಚ್ಚಾಗಿ ಮರೆಯುವಂಥದ್ದು. ಮೊದಲ ಅಳತೆಯೂ ಎರಡನೆಯ ಅಳತೆಯೂ ಒಂದೇ ವಸ್ತುವಿನದ್ದೇ, ಒಂದೇ ಕೋಲಿನಿಂದಲೇ ಎಂಬ ಪ್ರಶ್ನೆ ಇದು. 2002ರ ವರದಿಯ ಔರಾದ್ ಇಂದಿನ ಔರಾದ್ ಅಲ್ಲ, ಅದರಿಂದ ಕಮಲನಗರ ಬೇರೆ ತಾಲ್ಲೂಕಾಗಿದೆ. ಬಸವಕಲ್ಯಾಣದಿಂದ ಹುಲಸೂರು, ಹುಮನಾಬಾದಿನಿಂದ ಚಿಟಗುಪ್ಪ ಬೇರ್ಪಟ್ಟಿವೆ. 2001ರ ಗುಲಬರ್ಗಾ ಜಿಲ್ಲೆಯ ಸಾಕ್ಷರತೆ ಶೇ 50.01, 2011ರಲ್ಲಿ ಶೇ 64.85. ಹತ್ತಿರ ಹತ್ತಿರ ಹದಿನೈದು ಅಂಶಗಳ ಏರಿಕೆ! ಆದರೆ 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರಲ್ಲಿ ಅದರ ಸಾಕ್ಷರತೆ ಶೇ 51.83 ಮಾತ್ರ. ತೀರಾ ಹಿಂದುಳಿದ ಭಾಗ ಲೆಕ್ಕದಿಂದ ಹೊರಹೋದದ್ದೇ ಗುಲಬರ್ಗಾದ 'ಪ್ರಗತಿ'ಯ ಒಂದು ಪಾಲು. ಸಾಕ್ಷರತೆಯ ವ್ಯಾಖ್ಯೆಯೂ ಬದಲಾಗಿದೆ. 1991ರ ಜನಗಣತಿಯಿಂದ ಏಳು ವರ್ಷ ಮತ್ತು ಮೇಲ್ಪಟ್ಟವರನ್ನಷ್ಟೇ ಗಣನೆಗೆ ತೆಗೆದುಕೊಳ್ಳಲಾಗುತ್ತಿದೆ. ಹಿಂದಿನ ದಶಕಗಳ ಅಂಕಿಗಳನ್ನು ತಿದ್ದದೆ ಅದರ ಪಕ್ಕದಲ್ಲಿಡುವುದು ಸೇರನ್ನು ಕಿಲೋದೊಂದಿಗೆ ಹೋಲಿಸಿದಂತೆ.

ಎಸ್ಸೆಸ್ಸೆಲ್ಸಿಯನ್ನೇ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಕಣ್ಗಾವಲು ಮತ್ತು ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೆ. ಮಕ್ಕಳ ಕಲಿಕೆ ಒಂದೇ ವರ್ಷದಲ್ಲಿ ಅಷ್ಟು ಕುಸಿಯಲಿಲ್ಲ, ಅಳತೆಗೋಲು ಬದಲಾಯಿತು. 2021ರಲ್ಲಿ ಕೋವಿಡ್ ಕಾರಣದಿಂದ ಸರಳಗೊಳಿಸಿದ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಉತ್ತೀರ್ಣರಾಗಿದ್ದರು. ಆ ವರ್ಷವನ್ನು ಆಧಾರವಾಗಿಟ್ಟುಕೊಂಡರೆ ಆಮೇಲಿನ ಯಾವ ಶಿಕ್ಷಣ ಕಾರ್ಯಕ್ರಮವೂ ಯಶಸ್ವಿಯಾಗಲಾರದು. 2024ನ್ನು ಆಧಾರವಾಗಿಟ್ಟುಕೊಂಡರೂ ತೊಡಕು ತಪ್ಪದು. ಕಣ್ಗಾವಲು ಅಥವಾ ಕೃಪಾಂಕದ ನಿಯಮ ಮತ್ತೆ ಬದಲಾದರೆ ಅದರ ಫಲವೆಲ್ಲ ಯಾವುದೋ ಯೋಜನೆಯ ಖಾತೆಗೆ ಜಮೆಯಾಗುತ್ತದೆ.

ಜಲಾನಯನ ಯೋಜನೆಗಳ ಮೌಲ್ಯಮಾಪನದಲ್ಲಿ ಆಧಾರ ವರ್ಷದ ಆಯ್ಕೆ ಇನ್ನೂ ನಿರ್ಣಾಯಕ. 2016ರ ಬೇಸಿಗೆಯಲ್ಲಿ ಬೀದರಿನ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಅದೇ ವರ್ಷದ ಮುಂಗಾರಿನ ಕೊನೆಯಲ್ಲಿ ಮಾಂಜ್ರಾ ಕಣಿವೆಯಲ್ಲಿ ಭಾರೀ ಮಳೆ ಸುರಿಯಿತು. 2016ರ ಏಪ್ರಿಲ್‌ನಲ್ಲಿ ಭಾಲ್ಕಿ ಅಥವಾ ಔರಾದಿನ ಬಾವಿಗಳ ನೀರಿನ ಮಟ್ಟವನ್ನು ಆರಂಭಿಕ ಅಳತೆಯಾಗಿ ಬರೆದುಕೊಂಡು, 2017ರಲ್ಲಿ ಮತ್ತೆ ಅಳೆದವರಿಗೆ ಯಾವ ಚೆಕ್‌ಡ್ಯಾಮ್ ಆದರೂ ಪವಾಡದಂತೆ ಕಾಣುತ್ತದೆ. ಬರಗಾಲದಲ್ಲಿ ಯೋಜನೆ ಆರಂಭವಾಗುವುದು ಸಹಜ, ಸಂಕಟ ಬಂದಾಗಲೇ ಸರ್ಕಾರ ಕಣ್ಣು ತೆರೆಯುವುದು. ಆದರೆ ಬರದ ನಂತರ ಮಳೆ ಬರುವುದೂ ಅಷ್ಟೇ ಸಹಜ. ತೊಗರಿ, ಸೋಯಾ ಇಳುವರಿಯ ಲೆಕ್ಕಕ್ಕೂ ಇದೇ ಮಾತು ಅನ್ವಯ.

ನಗರದ ಮಗು, ಗಡಿಯ ಮಗು

ಎಲ್ಲಕ್ಕಿಂತ ಸೂಕ್ಷ್ಮವಾದ ಬಲೆಯನ್ನು 1967ರಲ್ಲಿ ಫ್ರೆಡೆರಿಕ್ ಲಾರ್ಡ್ ಗುರುತಿಸಿದರು. ಅದನ್ನು ನಮ್ಮ ನೆಲಕ್ಕೆ ತಂದು ಮತ್ತೊಂದು ಕಲ್ಪಿತ ಲೆಕ್ಕ ಮಾಡೋಣ. ಬೀದರ್ ನಗರದ ಮಕ್ಕಳ ಸರಾಸರಿ ಅಂಕ 60, ಔರಾದಿನ ಮಕ್ಕಳದ್ದು 40. ವರ್ಷದ ಕೊನೆಯ ಪರೀಕ್ಷೆಯಲ್ಲಿಯೂ ಸರಾಸರಿಗಳು 60 ಮತ್ತು 40 ಆಗಿಯೇ ಉಳಿದವು. ಮೊದಲ ಅಧಿಕಾರಿ ವ್ಯತ್ಯಾಸವನ್ನು ನೋಡಿ, ಎರಡೂ ಕಡೆ ಬದಲಾವಣೆ ಸೊನ್ನೆ, ಶಾಲೆಗಳಲ್ಲಿ ಭೇದವಿಲ್ಲ ಎನ್ನುತ್ತಾರೆ. ಎರಡನೆಯ ಅಧಿಕಾರಿ, ನ್ಯಾಯ ಬೇಕಾದರೆ ಸಮಾನ ಮಟ್ಟದಲ್ಲಿ ಆರಂಭಿಸಿದ ಮಕ್ಕಳನ್ನೇ ಹೋಲಿಸಬೇಕು ಎನ್ನುತ್ತಾರೆ. ಆರಂಭದಲ್ಲಿ 50 ಪಡೆದ ನಗರದ ಮಗು ತನ್ನ ಗುಂಪಿನ ಸರಾಸರಿಯತ್ತ ಮರಳಿ 55ಕ್ಕೆ ಏರುತ್ತದೆ. ಅದೇ 50 ಪಡೆದ ಔರಾದಿನ ಮಗು ತನ್ನ ಗುಂಪಿನ ಸರಾಸರಿಯತ್ತ ಮರಳಿ 45ಕ್ಕೆ ಇಳಿಯುತ್ತದೆ. ಆದ್ದರಿಂದ ಔರಾದಿನ ಶಾಲೆಗಳು ಮಕ್ಕಳನ್ನು ಹಿಂದಕ್ಕೆ ತಳ್ಳುತ್ತಿವೆ ಎಂದು ಅವರು ತೀರ್ಮಾನಿಸುತ್ತಾರೆ. ಅಂಕಿಗಳು ಒಂದೇ, ಲೆಕ್ಕಗಳೆರಡರಲ್ಲೂ ಗಣಿತದ ತಪ್ಪಿಲ್ಲ. ವ್ಯತ್ಯಾಸವಿರುವುದು ಕೇಳಿದ ಪ್ರಶ್ನೆಯಲ್ಲಿ. ಗುಂಪುಗಳು ಮೊದಲಿನಿಂದಲೇ ಭಿನ್ನವಾಗಿರುವಾಗ, ಆ ಭಿನ್ನತೆ ಏಕೆ ಬಂತೆಂದು ತಿಳಿಯದೆ ಬರೀ ಅಂಕಿಗಳಿಂದ ಉತ್ತರ ಹೊರಡುವುದಿಲ್ಲ.

ಇದರ ಜೊತೆಗೆ ಸ್ಥಳಾಂತರದ ಪ್ರಶ್ನೆಯೂ ಇದೆ. ಔರಾದಿನ ಜಾಣ ಮಗುವನ್ನು ತಂದೆ-ತಾಯಿ ಬೀದರ್ ಅಥವಾ ಭಾಲ್ಕಿಯ ವಸತಿ ಶಾಲೆಗೆ ಸೇರಿಸುತ್ತಾರೆ. ಕೂಲಿ ಅರಸಿ ಹೈದರಾಬಾದಿಗೆ ಹೊರಟ ಕುಟುಂಬದ ಮಗು ನಡುವರ್ಷದಲ್ಲಿ ಶಾಲೆ ಬಿಡುತ್ತದೆ. ಮೊದಲ ಅಳತೆಯಲ್ಲಿದ್ದ ಮಕ್ಕಳೂ ಎರಡನೆಯ ಅಳತೆಯಲ್ಲಿದ್ದ ಮಕ್ಕಳೂ ಬೇರೆ ಬೇರೆಯಾದಾಗ 'ಶಾಲೆಯ ಬದಲಾವಣೆ' ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಮಾಡಬೇಕಾದುದೇನು?

ಇಷ್ಟೆಲ್ಲ ಓದಿದವರಿಗೆ ಅಂಕಿಗಳೇ ಬೇಡ ಎನಿಸಬಹುದು. ಅದು ಇನ್ನೂ ದೊಡ್ಡ ತಪ್ಪಾದೀತು. ಪರಿಹಾರಗಳು ಕಷ್ಟದವೂ ಅಲ್ಲ, ದುಬಾರಿಯವೂ ಅಲ್ಲ.

ಮೊದಲನೆಯದಾಗಿ, ಯಾವ ಶಾಲೆ, ಗ್ರಾಮ ಅಥವಾ ತಾಲ್ಲೂಕನ್ನೂ ಒಂದೇ ವರ್ಷದ ಅಂಕಿಯಿಂದ ಆರಿಸಬಾರದು. ಕನಿಷ್ಠ ಮೂರು ವರ್ಷಗಳ ಸರಾಸರಿ ಇರಲಿ. ಆಯ್ಕೆಗೆ ಬಳಸಿದ ಅಳತೆಯನ್ನೇ ಆರಂಭಿಕ ಅಳತೆಯಾಗಿ ಬಳಸದೆ, ಆಯ್ಕೆಯ ನಂತರ ಮತ್ತೊಮ್ಮೆ ಅಳೆದು ಅಲ್ಲಿಂದ ಲೆಕ್ಕ ಆರಂಭಿಸಲಿ. ಮರಳುವಿಕೆಯ ಬಹುಪಾಲು ಇದರಿಂದಲೇ ತೊಲಗುತ್ತದೆ.

ಎರಡನೆಯದಾಗಿ, ಹೋಲಿಕೆಗೆ ಜೊತೆಗಾರರಿರಬೇಕು. ನಂಜುಂಡಪ್ಪ ಸಮಿತಿಯ ವರ್ಗೀಕರಣ ಇದಕ್ಕೆ ಒಳ್ಳೆಯ ಅವಕಾಶ ಒದಗಿಸಿದೆ. ಸೂಚ್ಯಂಕ 0.79 ಇದ್ದ ತಾಲ್ಲೂಕು 'ಅತ್ಯಂತ ಹಿಂದುಳಿದ' ಎನಿಸಿತು, 0.80 ಇದ್ದದ್ದು 'ಹೆಚ್ಚು ಹಿಂದುಳಿದ' ಎನಿಸಿತು. ಗೆರೆಯ ಆಚೀಚೆಯ ತಾಲ್ಲೂಕುಗಳ ನಡುವೆ ವಾಸ್ತವದಲ್ಲಿ ಅಂತರವಿಲ್ಲ, ಅನುದಾನದಲ್ಲಿ ಮಾತ್ರ ಅಂತರ. ಅವುಗಳ ಇಂದಿನ ಸ್ಥಿತಿಯನ್ನು ಹೋಲಿಸಿದರೆ ಹಣದ ನಿಜವಾದ ಪರಿಣಾಮ ತಿಳಿಯುತ್ತದೆ. ಔರಾದನ್ನು ಔರಾದಿನ ನಿನ್ನೆಯೊಂದಿಗೆ ಮಾತ್ರ ಹೋಲಿಸಿದರೆ ತಿಳಿಯುವುದಿಲ್ಲ.

ಮೂರನೆಯದಾಗಿ, ಸಾಪೇಕ್ಷ ಸೂಚ್ಯಂಕದ ಜೊತೆಗೆ ನಿಜ ಅಂಕಿಗಳನ್ನೂ ಪ್ರಕಟಿಸಬೇಕು. ರಾಜ್ಯದ ಸರಾಸರಿಯನ್ನು ಪ್ರತಿಸಲವೂ ಒಂದಕ್ಕೆ ಹೊಂದಿಸಿದಾಗ, ಒಂದು ತಾಲ್ಲೂಕು ಆಸ್ಪತ್ರೆ, ರಸ್ತೆ, ಶಾಲೆಗಳಲ್ಲಿ ಸಾಕಷ್ಟು ಮುಂದುವರಿದರೂ ಬೆಂಗಳೂರು ಅದಕ್ಕಿಂತ ವೇಗವಾಗಿ ಓಡಿದರೆ ಸೂಚ್ಯಂಕ ಇಳಿಯುತ್ತದೆ. ಅದು ಅಸಮತೋಲನದ ಸತ್ಯ ಹೌದು, ಆದರೆ ಸ್ಥಳೀಯ ಆಡಳಿತದ ವೈಫಲ್ಯವಲ್ಲ.

ನಾಲ್ಕನೆಯದಾಗಿ, ಹಳೆಯ ಗಡಿ, ಹಳೆಯ ವ್ಯಾಖ್ಯೆಗಳಿಗೆ ಅನುಗುಣವಾಗಿ ಅಂಕಿಗಳನ್ನು ಮರುಜೋಡಿಸಬೇಕು. ಜನಗಣತಿಯ ಗ್ರಾಮಮಟ್ಟದ ಅಂಕಿಗಳಿಂದ ಇದು ಸುಲಭಸಾಧ್ಯ. ಕೊನೆಯದಾಗಿ, ಅಂತರ, ಶೇಕಡಾವಾರು, ಕೊರತೆಯ ಕುಗ್ಗುವಿಕೆ ಈ ಮೂರರಲ್ಲಿ ಯಾವುದನ್ನು ಮಾನದಂಡವಾಗಿ ಬಳಸುತ್ತೇವೆ ಎಂಬುದನ್ನು ಅಂಕಿಗಳು ಬರುವ ಮುನ್ನವೇ ಘೋಷಿಸಬೇಕು. ಆಟ ಮುಗಿದ ಮೇಲೆ ನಿಯಮ ಬರೆಯುವವರು ಸೋಲುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಈ ವಾದವನ್ನು ವಿರುದ್ಧ ದಿಕ್ಕಿನಲ್ಲಿ ದುರ್ಬಳಕೆ ಮಾಡಿಕೊಂಡು, ಹಿಂದುಳಿದ ಪ್ರದೇಶದ ಎಲ್ಲ ಪ್ರಗತಿಯೂ ಅಂಕಿಗಳ ಆಟವೆಂದು ತಳ್ಳಿಹಾಕುವವರೂ ಇದ್ದಾರೆ. ಅದು ಸರಿಯಲ್ಲ. 1991ರಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇ 45.11, ರಾಜ್ಯದ್ದು ಶೇ 56.04, ಅಂತರ ಸುಮಾರು ಹನ್ನೊಂದು ಅಂಶ. 2001ರಲ್ಲಿ ಆ ಅಂತರ 5.70ಕ್ಕೆ, 2011ರಲ್ಲಿ 4.85ಕ್ಕೆ ಇಳಿಯಿತು. ಹದಿನೇಳು ಲಕ್ಷ ಜನರಿರುವ ಜಿಲ್ಲೆಯ ಜನಗಣತಿಯಲ್ಲಿ ಆಕಸ್ಮಿಕದ ಪಾಲು ನಗಣ್ಯ. ಕೆಳಗಿದ್ದದ್ದಕ್ಕಾಗಿ ಹೆಕ್ಕಿ ತೆಗೆದ ಒಂದು ವರ್ಷದ ಅಂಕಿಯೂ ಇದಲ್ಲ, ಮೂರು ಜನಗಣತಿಗಳ ಸರಣಿ. ಇದು ನಿಜವಾದ ಮುನ್ನಡೆ. ಹಾಗೆಯೇ ಮೊದಲ ದಶಕದಲ್ಲಿ ಐದು ಅಂಶಗಳಿಗೂ ಹೆಚ್ಚು ಕುಗ್ಗಿದ ಅಂತರ ಎರಡನೆಯ ದಶಕದಲ್ಲಿ ಒಂದು ಅಂಶವೂ ಕುಗ್ಗಲಿಲ್ಲ ಎಂಬುದೂ ಅಷ್ಟೇ ನಿಜ. 'ಸಾಕ್ಷರತೆ ಹತ್ತು ಅಂಶ ಏರಿತು' ಎಂಬ ಸಂಭ್ರಮದ ಒಂದು ಸಾಲಿನಲ್ಲಿ ಈ ಎರಡನೆಯ ಸತ್ಯ ಮುಚ್ಚಿಹೋಗುತ್ತದೆ.

ಪ್ರಾದೇಶಿಕ ಅಸಮತೋಲನದ ವರದಿಗಳನ್ನು ಓದುವ ಶಾಸಕರು, ಮಂಡಳಿಯ ಸದಸ್ಯರು, ಜಿಲ್ಲಾ ಪಂಚಾಯಿತಿಯ ಪ್ರತಿನಿಧಿಗಳು ಪ್ರತಿ 'ಏರಿಕೆ'ಯ ಮುಂದೆ ನಾಲ್ಕು ಸರಳ ಪ್ರಶ್ನೆಗಳನ್ನು ಇಡಲಿ. ಆರಂಭದ ವರ್ಷವನ್ನು ಆರಿಸಿದವರು ಯಾರು? ಅದೇ ಕಾಲದಲ್ಲಿ ಯೋಜನೆಯಿಲ್ಲದ ಕಡೆ ಏನಾಯಿತು? ಎರಡೂ ಅಳತೆಗಳು ಒಂದೇ ಜನರದ್ದೇ, ಒಂದೇ ಕೋಲಿನದ್ದೇ? ಬೇರೆ ಮಾನದಂಡ ಬಳಸಿದರೆ ತೀರ್ಪು ಉಳಿಯುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿಯ ಮೇಲೆ ಒಂದು ತಾಲ್ಲೂಕಿನ ಅನುದಾನವನ್ನು ಏರಿಸುವುದೂ ಸಲ್ಲದು, ಇಳಿಸುವುದೂ ಸಲ್ಲದು.